ಕೆನೆಕಾಟ್: ಸುಣ್ಣಕಲ್ಲಿನ ಬೆಟ್ಟದಲ್ಲಿ ಇಪ್ಪತ್ತೇಳು ವರ್ಷ ನಡೆದ ತಾಮ್ರದ ಗಣಿ

ನೂರು ಕೆ.ಜಿ. ಅದಿರಿನಿಂದ ಒಂದು ಕೆ.ಜಿ. ತಾಮ್ರ ಸಿಕ್ಕರೆ ಇವತ್ತಿನ ಲೆಕ್ಕದಲ್ಲಿ ಅದು ಒಳ್ಳೆಯ ಗಣಿ. ಪ್ರಪಂಚದ ಎಷ್ಟೋ ದೊಡ್ಡ ಗಣಿಗಳು ಅರ್ಧ ಕೆ.ಜಿ.ಯಲ್ಲೇ ಲಾಭ ಮಾಡುತ್ತಿವೆ. ಅಲಾಸ್ಕದ ರ್ಯಾಂಗಲ್ ಪರ್ವತಗಳಲ್ಲಿ ಕೆನೆಕಾಟ್ ಎಂಬ ಗಣಿ ಇತ್ತು. ಶುರುವಾದ ದಿನದಿಂದ ಬಾಗಿಲು ಹಾಕುವವರೆಗೆ ಅಲ್ಲಿ ತೆಗೆದ ಅದಿರನ್ನೆಲ್ಲ ಸೇರಿಸಿ ಸರಾಸರಿ ನೋಡಿದರೆ ನೂರಕ್ಕೆ ಹದಿಮೂರು ಕೆ.ಜಿ. ತಾಮ್ರ. ಅದರಲ್ಲೇ ಆರಿಸಿದ ತುಂಡುಗಳಲ್ಲಿ ನೂರಕ್ಕೆ ಎಪ್ಪತ್ತು.

ಇಷ್ಟು ಒಳ್ಳೆಯ ಅದಿರು ಇದ್ದ ಗಣಿ 1911ರಲ್ಲಿ ಮೊದಲ ರೈಲು ತುಂಬಿತು, 1938ರಲ್ಲಿ ಕೊನೆಯ ರೈಲು ಕಳಿಸಿತು. ಬರೀ ಇಪ್ಪತ್ತೇಳು ವರ್ಷ. ಅಷ್ಟರೊಳಗೆ 315 ಕಿ.ಮೀ. ರೈಲು ಹಳಿ, ಹದಿನಾಲ್ಕು ಅಂತಸ್ತಿನ ಮಿಲ್ಲು, ಆಸ್ಪತ್ರೆ, ಶಾಲೆ, ಐದು ಗಣಿಗಳು, ನೂರಕ್ಕೂ ಹೆಚ್ಚು ಕಿ.ಮೀ. ಸುರಂಗ ಎಲ್ಲ ಆಗಿಹೋಗಿತ್ತು. ಅಷ್ಟೆಲ್ಲ ಕಟ್ಟಿದವರು ಯಾಕೆ ಅಷ್ಟು ಬೇಗ ಬಿಟ್ಟು ಹೋದರು? ತಾಮ್ರದ ಬೆಲೆ ಬಿತ್ತು ಅಂತ ಸುಲಭವಾಗಿ ಹೇಳಿಬಿಡಬಹುದು. ಬೆಲೆಯ ಪಾತ್ರ ಇತ್ತು, ಇಲ್ಲ ಅಂತಲ್ಲ. ಆದರೆ ಈ ಗಣಿಯ ಆಯಸ್ಸು ಕಲ್ಲಿನಲ್ಲೇ ನಿಗದಿಯಾಗಿತ್ತು ಅಂತ ನನ್ನ ಅಭಿಪ್ರಾಯ. ಅದನ್ನು ಶ್ರೀಮಂತ ಮಾಡಿದ ಕಾರಣವೇ ಅದನ್ನು ಚಿಕ್ಕದಾಗಿಯೂ ಇಟ್ಟಿತು. ಇದು ಅರ್ಥವಾಗಬೇಕಾದರೆ ಮೊದಲು ಜನರ ಕಥೆ, ಆಮೇಲೆ ಕಲ್ಲಿನ ಕಥೆ ನೋಡಬೇಕು.

ಮೊದಲಿಂದ ಗೊತ್ತಿದ್ದವರು

ಈ ಸೀಮೆಯ ಮೂಲ ಜನ ಆಟ್ನಾ. ಕಾಪರ್ ನದಿಯ ಉದ್ದಕ್ಕೂ ಅವರ ಹಳ್ಳಿಗಳು. ಹೊಳೆಗಳ ಪಾತ್ರದಲ್ಲಿ ಸಿಗುವ ಅಚ್ಚ ತಾಮ್ರದ ಗಟ್ಟಿಗಳನ್ನು ಬಡಿದು ಚಾಕು, ಬಾಣದ ಮೊನೆ, ಒಡವೆ ಮಾಡಿಕೊಳ್ಳುತ್ತಿದ್ದರು. ಸುತ್ತಲಿನ ಬೇರೆ ಜನರೊಂದಿಗೆ ತಾಮ್ರದ ವ್ಯಾಪಾರವೂ ಇತ್ತು. ಅಂದರೆ 'ಪತ್ತೆಹಚ್ಚಿದ್ದು' ಅನ್ನುವ ಮಾತನ್ನು ಇಲ್ಲಿ ಸ್ವಲ್ಪ ಎಚ್ಚರದಿಂದ ಬಳಸಬೇಕು.

1885ರಲ್ಲಿ ಅಮೆರಿಕದ ಸೇನೆಯ ಲೆಫ್ಟಿನೆಂಟ್ ಹೆನ್ರಿ ಅಲೆನ್ ಎಂಬವನು ಸಣ್ಣ ತಂಡ ಕಟ್ಟಿಕೊಂಡು ಕಾಪರ್ ನದಿಯ ದಾರಿಯಲ್ಲಿ ಒಳನಾಡಿಗೆ ಬಂದ. ಊಟಕ್ಕಿಲ್ಲದೆ ತಂಡ ಸೊರಗಿಹೋಗಿತ್ತು. ಅವರಿಗೆ ಅನ್ನ ಹಾಕಿದವನು ನಿಕೊಲಾಯ್ ಎಂಬ ಆಟ್ನಾ ಮುಖಂಡ. ಅವನ ಜನರ ಬಳಿ ಇದ್ದ ತಾಮ್ರದ ಸಾಮಾನುಗಳನ್ನು ಅಲೆನ್ ನೋಡಿದ, ಸೇನೆಗೆ ಕೊಟ್ಟ ವರದಿಯಲ್ಲಿ ಬರೆದ.

ಹದಿನಾಲ್ಕು ವರ್ಷದ ನಂತರ, 1899ರಲ್ಲಿ, ಹಸಿವು ನಿಕೊಲಾಯ್‌ನ ಊರಿನ ಕಡೆಗಿತ್ತು. ಚಿನ್ನದ ಆಸೆಗೆ ಅಲಾಸ್ಕಕ್ಕೆ ನುಗ್ಗಿದ್ದ ಜನ ಆಗ ಎಲ್ಲೆಲ್ಲೂ ಇದ್ದರು. ಅಂಥವರ ಒಂದು ಗುಂಪಿಗೆ ಆತ ತನಗೆ ಗೊತ್ತಿದ್ದ ತಾಮ್ರದ ಜಾಗವನ್ನು ತೋರಿಸಿದ. ಬದಲಿಗೆ ಸಿಕ್ಕಿದ್ದು ಅವರು ಕೂಡಿಟ್ಟಿದ್ದ ಆಹಾರದ ದಾಸ್ತಾನು. ಆ ಜಾಗ ದೊಡ್ಡದಾಗಲಿಲ್ಲ. ಆದರೆ ಅದನ್ನು ಹಿಡಿದೇ ಮುಂದಿನ ವರ್ಷ ಜನ ಆ ಬೆಟ್ಟಗಳಿಗೆ ಬಂದರು. ನಿಕೊಲಾಯ್ ಹೆಸರು ಒಂದು ಹೊಳೆಗೆ ಉಳಿಯಿತು, ಅಲ್ಲಿಂದ ಒಂದು ಬಂಡೆಯ ಜಾತಿಗೂ ಬಂತು. ಕೋಟಿಗಟ್ಟಲೆ ಡಾಲರ್ ಹರಿದ ಈ ಕಥೆಯಲ್ಲಿ ಅವನ ಜನರಿಗೆ ಸಿಕ್ಕಿದ್ದು ಅಷ್ಟೇ. ಈ ಪ್ರಕರಣವನ್ನು ಓದುವಾಗ ನನಗೆ ಅತಿ ಹೆಚ್ಚು ನೋವು ಕೊಡುವ ಭಾಗ ಇದು.

ಬೆಟ್ಟದ ಮೇಲಿನ ಹಸಿರು

1900ರ ಬೇಸಿಗೆಯಲ್ಲಿ ಕ್ಲಾರೆನ್ಸ್ ವಾರ್ನರ್ ಮತ್ತು ಜ್ಯಾಕ್ ಸ್ಮಿತ್ ಎಂಬ ಇಬ್ಬರು ಕೆನೆಕಾಟ್ ಹಿಮನದಿಯ ಪಕ್ಕದಲ್ಲಿ ನಡೆಯುತ್ತಿದ್ದರು. ಎತ್ತರದ ಸುಣ್ಣಕಲ್ಲಿನ ಬಂಡೆಯ ಬುಡದಲ್ಲಿ ಹಸಿರು ಪಟ್ಟೆಯೊಂದು ಕಂಡಿತು. ಮೊದಲು ಹುಲ್ಲು ಅಂದುಕೊಂಡರಂತೆ. ಅಷ್ಟು ಎತ್ತರದಲ್ಲಿ ಅಂಥ ಜಾಗದಲ್ಲಿ ಹುಲ್ಲು ಹೇಗೆ ಬಂತು ಅಂತ ಹತ್ತಿ ನೋಡಿದರೆ, ಹುಲ್ಲಲ್ಲ, ತಾಮ್ರದ ಅದಿರು. ಗಾಳಿ ನೀರು ತಾಗಿ ಮೇಲ್ಮೈ ಹಸಿರಾಗಿತ್ತು. ಕೆಲವು ಮಾದರಿಗಳಲ್ಲಿ ತಾಮ್ರ ಶೇಕಡಾ 70ರವರೆಗೂ ಬಂತು, ಜೊತೆಗೆ ಬೆಳ್ಳಿ. ಅದೇ ಬೇಸಿಗೆಯಲ್ಲಿ ಅಮೆರಿಕದ ಭೂವಿಜ್ಞಾನ ಇಲಾಖೆಯ ಆರ್ಥರ್ ಸ್ಪೆನ್ಸರ್ ಕೂಡ ಆ ಸೀಮೆಯ ನಕ್ಷೆ ಮಾಡುತ್ತಾ ಅದೇ ಅದಿರಿನ ಹತ್ತಿರ ಬಂದಿದ್ದ. ಬೆಟ್ಟದ ಏಣಿನ ಮೇಲೆ ಬಯಲಾಗಿಯೇ ಬಿದ್ದಿದ್ದ ಅದಿರು ಅದು. ಯಾರಾದರೂ ಒಬ್ಬರ ಕಣ್ಣಿಗೆ ಬಿದ್ದೇ ಬೀಳುತ್ತಿತ್ತು.

ಸ್ಟೀಫನ್ ಬರ್ಚ್ ಎಂಬ ಎಳೆಯ ಗಣಿ ಇಂಜಿನಿಯರ್ ಆಗಷ್ಟೇ ನ್ಯೂಯಾರ್ಕಿನಿಂದ ಬಂದಿದ್ದ. ಅವನ ಬೆನ್ನಿಗೆ ಸಕ್ಕರೆ ವ್ಯಾಪಾರದಲ್ಲಿ ದುಡ್ಡು ಮಾಡಿದ ಹ್ಯಾವ್‌ಮೇಯರ್ ಮನೆತನದ ಬಂಡವಾಳ ಇತ್ತು. ವಾರ್ನರ್, ಸ್ಮಿತ್ ಮತ್ತು ಅವರ ಪಾಲುದಾರರ ಹಕ್ಕುಗಳನ್ನು ಒಂದೊಂದಾಗಿ ಕೊಂಡ. ಹಕ್ಕು ನಮ್ಮದು ಅಂತ ಇನ್ನೊಂದು ಕಂಪನಿ ಕೋರ್ಟಿಗೆ ಹೋಯಿತು, ಬರ್ಚ್ ಗೆದ್ದ. ಗಣಿ ಕೈಗೆ ಬಂತು. ಆದರೆ ಅದಿರು ಇದ್ದದ್ದು ಸಮುದ್ರದಿಂದ ಮುನ್ನೂರು ಕಿ.ಮೀ. ಒಳಗೆ, ಹಿಮನದಿಗಳ ಆಚೆ. ಅದರ ಕಥೆಗೆ ಹೋಗುವ ಮೊದಲು, ಆ ಅದಿರು ಅಲ್ಲಿಗೆ ಹೇಗೆ ಬಂತು ನೋಡೋಣ.

ಕೆಳಗೆ ಲಾವಾ, ಮೇಲೆ ಸುಣ್ಣಕಲ್ಲು

ಬೆಟ್ಟವನ್ನು ದೂರದಿಂದ ನೋಡಿದರೂ ಎರಡು ಬಣ್ಣ ಎದ್ದು ಕಾಣುತ್ತದೆ. ಕೆಳಗೆ ಮಬ್ಬು ಹಸಿರು-ಕಂದು, ಮೇಲೆ ಬೂದು-ಬಿಳಿ. ಕೆಳಗಿನದು ನಿಕೊಲಾಯ್ ಹಸಿರುಕಲ್ಲು, ಮೇಲಿನದು ಚಿಟಿಸ್ಟೋನ್ ಸುಣ್ಣಕಲ್ಲು. ಇಡೀ ಗಣಿಯ ಕಥೆ ಇವೆರಡು ಸೇರುವ ಗೆರೆಯ ಸುತ್ತ ನಡೆಯುತ್ತದೆ.

ಹಸಿರುಕಲ್ಲು ಅಂದರೆ ಹಳೆಯ ಲಾವಾ. ಸುಮಾರು 23 ಕೋಟಿ ವರ್ಷದ ಹಿಂದೆ ಹರಿದು, ಪದರದ ಮೇಲೆ ಪದರ ಬಿದ್ದು, ಮೂರು ಕಿ.ಮೀ.ಗಿಂತ ದಪ್ಪವಾಗಿ ಕೂಡಿಕೊಂಡದ್ದು. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕಪ್ಪುಕಲ್ಲು ಕೂಡ ಇದೇ ಬಗೆಯ ಬಸಾಲ್ಟ್. ಅದು ಸುಮಾರು ಆರೂವರೆ ಕೋಟಿ ವರ್ಷದ ಹಿಂದಿನದು, ವಯಸ್ಸಿನಲ್ಲಿ ಬಹಳ ಚಿಕ್ಕದು. ಕೆನೆಕಾಟ್‌ನ ಲಾವಾ ಆಮೇಲೆ ನೆಲದಾಳದ ಬಿಸಿಗೆ, ಒತ್ತಡಕ್ಕೆ ಸಿಕ್ಕಿ ಅದರ ಖನಿಜಗಳು ಬದಲಾದವು. ಆ ಹಸಿರು ಬಣ್ಣ ಹಾಗೆ ಬಂದದ್ದು.

ಕಲಬುರಗಿ ಜಿಲ್ಲೆಯವರಿಗೆ ಇನ್ನೊಂದು ವಿಷಯ ಕುತೂಹಲ ಅನ್ನಿಸಬಹುದು. ಶಹಾಬಾದ್, ಸೇಡಂ ಕಡೆ ಸುಣ್ಣಕಲ್ಲು ಕೆಳಗಿದೆ, ಲಾವಾ ಅದರ ಮೇಲೆ ಬಂದು ಕೂತಿದೆ. ಕೆನೆಕಾಟ್‌ನಲ್ಲಿ ಇದು ತಿರುವುಮುರುವು. ಲಾವಾ ಮೊದಲು ಬಂತು, ಅದು ಸಮುದ್ರದಲ್ಲಿ ಮುಳುಗಿದ ಮೇಲೆ ಅದರ ಬೆನ್ನಿನ ಮೇಲೆ ಸುಣ್ಣಕಲ್ಲು ಕಟ್ಟಿತು. ಸುಮ್ನೆ ಮೇಲೆ ಕೆಳಗೆ ಆದ ವ್ಯತ್ಯಾಸ ಅಲ್ಲ ಇದು. ಕೆನೆಕಾಟ್‌ನ ತಾಮ್ರಕ್ಕೆ ಈ ಕ್ರಮವೇ ಮುಖ್ಯವಾಯಿತು.

ಈ ಲಾವಾ ಹರಿದ ಜಾಗ ಅಲಾಸ್ಕ ಅಲ್ಲವೇ ಅಲ್ಲ. ಲಾವಾ ತಣಿಯುವಾಗ ಅದರೊಳಗಿನ ಕಬ್ಬಿಣದ ಕಣಗಳು ಆ ಹೊತ್ತಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಧ್ರುವದ ಹತ್ತಿರ ಆ ದಿಕ್ಕು ಕಡಿದಾಗಿ ಇಳಿಯುತ್ತದೆ, ಭೂಮಧ್ಯರೇಖೆಯ ಕಡೆ ಹೆಚ್ಚುಕಡಿಮೆ ಮಟ್ಟಸವಾಗಿರುತ್ತದೆ. 1977ರಲ್ಲಿ ಜಾನ್ ಹಿಲ್‌ಹೌಸ್ ಎಂಬ ವಿಜ್ಞಾನಿ ಈ ಹಸಿರುಕಲ್ಲನ್ನು ಅಳೆದು ನೋಡಿದಾಗ ಗೊತ್ತಾಯಿತು: ಈ ಬಂಡೆ ಹುಟ್ಟಿದ್ದು ಭೂಮಧ್ಯರೇಖೆಯಿಂದ ಬಹಳ ದೂರವಿಲ್ಲದ ಕಡಲಲ್ಲಿ. ಆಮೇಲೆ ಸಾವಿರಾರು ಕಿ.ಮೀ. ಸರಿದು ಬಂದು ಉತ್ತರ ಅಮೆರಿಕದ ಅಂಚಿಗೆ ಅಂಟಿಕೊಂಡಿದೆ. ಹೀಗೆ ಬಂದು ಸೇರಿದ ನೆಲದ ತುಂಡಿಗೆ ಭೂವಿಜ್ಞಾನಿಗಳು ಇದೇ ಪರ್ವತದ ಹೆಸರಿನಿಂದ ರ್ಯಾಂಗೇಲಿಯಾ ಅನ್ನುತ್ತಾರೆ.

ಇನ್ನು ತಾಮ್ರ. ಈ ಲಾವಾದಲ್ಲಿ ಒಂದು ಟನ್ನಿಗೆ ಸುಮಾರು 150 ಗ್ರಾಂ ತಾಮ್ರ ಇದೆ. ಗಣಿ ಮಾಡಲು ಅದು ಏನೇನೂ ಸಾಲದು. ಆದರೆ ಮೂರು ಕಿ.ಮೀ. ದಪ್ಪದ ಲಾವಾದಲ್ಲಿ ಒಟ್ಟು ಎಷ್ಟಿರಬಹುದು ಯೋಚಿಸಿ. ಅದನ್ನು ಹೊರಗೆ ತಂದು ಒಂದು ಕಡೆ ಗುಡ್ಡೆ ಹಾಕುವ ಕೆಲಸವನ್ನು ಮಾಡಿದ್ದು ಉಪ್ಪುನೀರು. ರ್ಯಾಂಗೇಲಿಯಾ ಖಂಡಕ್ಕೆ ಒತ್ತಿ ಬೆಟ್ಟಗಳು ಏಳುವ ಕಾಲದಲ್ಲಿ ಬಿಸಿ ಉಪ್ಪುನೀರು ಲಾವಾದ ಸಂದುಗಳಲ್ಲಿ ಓಡಾಡಿತು, ತಾಮ್ರವನ್ನು ಕರಗಿಸಿಕೊಂಡಿತು, ಬಿರುಕುಗಳ ದಾರಿಯಲ್ಲಿ ಮೇಲಕ್ಕೆ ಬಂತು. ಮೇಲೆ ಕಾದಿದ್ದದ್ದು ಸುಣ್ಣಕಲ್ಲಿನ ತಳದ ಪದರಗಳು. ಈ ತಳದ ಭಾಗ ಆಳ ಸಮುದ್ರದಲ್ಲಿ ಆದದ್ದಲ್ಲ. ಅಲೆ ಬಂದು ಹೋಗುವ, ನೀರು ಆವಿಯಾಗಿ ಜಿಪ್ಸಂ ಕಟ್ಟುವ ಚಪ್ಪಟೆ ದಂಡೆಯಲ್ಲಿ ಆದದ್ದು. ಜಿಪ್ಸಂನಲ್ಲಿ ಗಂಧಕ ಇದೆ, ಪಾಚಿಯ ಕೊಳೆಯೂ ಅಲ್ಲಿತ್ತು. ತಾಮ್ರ ಹೊತ್ತ ನೀರು ಗಂಧಕ ಇರುವ ಜಾಗಕ್ಕೆ ಬಂದ ಕೂಡಲೇ ತಾಮ್ರ ಅಲ್ಲೇ ಕೂತುಬಿಟ್ಟಿತು. ಸುಣ್ಣಕಲ್ಲು ಕರಗಿದಷ್ಟು ಜಾಗಕ್ಕೆ ಅದಿರು ಬಂದು ತುಂಬಿತು.

ಆ ಅದಿರು ಚಾಲ್ಕೊಸೈಟ್. ಬರೀ ತಾಮ್ರ ಮತ್ತು ಗಂಧಕ. ತೂಕದಲ್ಲಿ ಸುಮಾರು ಶೇಕಡಾ 80 ತಾಮ್ರವೇ. ಕಪ್ಪು-ಬೂದು ಬಣ್ಣ, ಚಾಕುವಿನಿಂದ ಗೀರಬಹುದಾದಷ್ಟು ಮೆದು. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿದ ಭಾರ, ಅಷ್ಟೇ ದೊಡ್ಡ ಸುಣ್ಣಕಲ್ಲಿನ ಎರಡರಷ್ಟು. ಅದರ ಮೇಲೆ ಅಲ್ಲಲ್ಲಿ ಹಸಿರು ಮ್ಯಾಲಕೈಟ್, ನೀಲಿ ಅಝುರೈಟ್. ಇವೆರಡೂ ತಾಮ್ರದ ಕಾರ್ಬೊನೇಟ್ ಖನಿಜಗಳು.

ಇಲ್ಲೊಂದು ದೊಡ್ಡ ಪ್ರಶ್ನೆ ಎದ್ದಿತು. ಇದು ದುಡ್ಡು ಹಾಕುವವರ ಪ್ರಶ್ನೆಯೂ ಹೌದು. ಬೇರೆ ತಾಮ್ರದ ಗಣಿಗಳಲ್ಲಿ ಚಾಲ್ಕೊಸೈಟ್ ಸಾಮಾನ್ಯವಾಗಿ ಮೇಲಿನ ಭಾಗದಲ್ಲೇ ಸಿಗುತ್ತದೆ. ಮಳೆನೀರು ಮೇಲಿನ ಬಂಡೆಯ ತಾಮ್ರವನ್ನು ಕರಗಿಸಿ ಸ್ವಲ್ಪ ಕೆಳಗೆ ಇಳಿಸಿ ದಟ್ಟ ಮಾಡಿರುತ್ತದೆ. ಹಾಗಿದ್ದರೆ ಶ್ರೀಮಂತಿಕೆ ತೊಗಲಿನಷ್ಟೇ ದಪ್ಪ. ಒಂದಿಷ್ಟು ಕೆಳಗೆ ಹೋದರೆ ಬಡ ಅದಿರು. ಅಲನ್ ಬೇಟ್‌ಮನ್ ಮತ್ತು ಡೊನಾಲ್ಡ್ ಮೆಕ್‌ಲಾಫ್ಲಿನ್ ಎಂಬ ಇಬ್ಬರು ಭೂವಿಜ್ಞಾನಿಗಳು ಸುರಂಗಗಳನ್ನೆಲ್ಲ ನೋಡಿ 1920ರಲ್ಲಿ ಒಂದು ವಿವರವಾದ ಪ್ರಬಂಧ ಪ್ರಕಟಿಸಿದರು. ಇಲ್ಲಿನ ಚಾಲ್ಕೊಸೈಟ್ ಹಾಗೆ ಮೇಲಿಂದ ಇಳಿದದ್ದಲ್ಲ, ಕೆಳಗಿಂದ ಬಂದ ಬಿಸಿನೀರೇ ನೇರವಾಗಿ ಇಟ್ಟದ್ದು ಅಂತ ತೋರಿಸಿದರು. ಅಂದರೆ ಒಳಗೂ ಅದೇ ಶ್ರೀಮಂತಿಕೆ. ಕಂಪನಿಗೆ ಇದು ಒಳ್ಳೆಯ ಸುದ್ದಿ.

ಆದರೆ ಅದೇ ಅಧ್ಯಯನದಲ್ಲಿ ಕೆಟ್ಟ ಸುದ್ದಿಯೂ ಇತ್ತು. ಅದಿರಿನ ಎಳೆಗಳು ಬೆಣೆಯ ಆಕಾರದಲ್ಲಿದ್ದವು, ಮರ ಸೀಳುವ ಬೆಣೆಯನ್ನು ತಲೆಕೆಳಗು ಮಾಡಿ ನಿಲ್ಲಿಸಿದ ಹಾಗೆ. ತಳದಲ್ಲಿ ಅಗಲ, ಮೇಲೆ ಹೋದ ಹಾಗೆ ಸಣ್ಣ. ಆ ಅಗಲವಾದ ತಳ ಹಸಿರುಕಲ್ಲಿಗೆ ಸ್ವಲ್ಪ ಮೇಲೆ, ಸುಣ್ಣಕಲ್ಲಿನ ಒಂದು ಪದರದ ಮೇಲೆ ಗೆರೆ ಎಳೆದ ಹಾಗೆ ನಿಂತುಬಿಡುತ್ತಿತ್ತು. ಅದರ ಕೆಳಗೆ ಅದಿರಿಲ್ಲ. ಹಸಿರುಕಲ್ಲಿನೊಳಗೆ ತೆಳು ಎಳೆಗಳಿದ್ದವು, ಗಣಿಗಾರಿಕೆಗೆ ಸಾಲುವಷ್ಟಲ್ಲ. ಪದರಗಳು ಓರೆಯಾಗಿ ಇಳಿದಿದ್ದರಿಂದ ಆ ಓರೆಯನ್ನೇ ಹಿಡಿದು ಬೆಟ್ಟದೊಳಕ್ಕೆ ದೂರ ಹೋಗಬಹುದಿತ್ತು. ಹೋದರು ಕೂಡ. ಆದರೆ ನೇರ ಕೆಳಕ್ಕೆ, ಕೋಲಾರದ ಚಿನ್ನದ ಗಣಿ ಮೂರು ಕಿ.ಮೀ. ಇಳಿದ ಹಾಗೆ, ಇಳಿಯಲು ಇಲ್ಲಿ ದಾರಿಯೇ ಇರಲಿಲ್ಲ. ತಾಮ್ರವನ್ನು ಹಿಡಿದು ಕೂರಿಸುವ ಶಕ್ತಿ ಇದ್ದದ್ದು ಸುಣ್ಣಕಲ್ಲಿನ ಆ ತಳದ ಪದರಗಳಿಗೆ ಮಾತ್ರ. ಅದಕ್ಕೇ ಅಲ್ಲಿ ಅಷ್ಟು ದಟ್ಟ, ಅದಕ್ಕೇ ಬೇರೆಲ್ಲೂ ಇಲ್ಲ.

ಒಂದು ಗಣಿಗೆ 315 ಕಿ.ಮೀ. ಹಳಿ

1906ರಲ್ಲಿ ಗುಗೆನ್‌ಹೈಮ್ ಮನೆತನ ಮತ್ತು ಜೆ.ಪಿ. ಮಾರ್ಗನ್ ಬ್ಯಾಂಕು ಸೇರಿ ಅಲಾಸ್ಕ ಸಿಂಡಿಕೇಟ್ ಕಟ್ಟಿಕೊಂಡವು. ಬರ್ಚ್‌ನ ಗಣಿ ಇವರ ಕೈಗೆ ಬಂತು. ರೈಲು ಹಾಕುವುದು ಅಂತ ತೀರ್ಮಾನ ಆಯಿತು.

ಅವರ ಮೊದಲ ಲೆಕ್ಕದಲ್ಲಿ ತಾಮ್ರ ಒಂದೇ ಇರಲಿಲ್ಲ. ಕರಾವಳಿಯ ಹತ್ತಿರ ಬೇರಿಂಗ್ ನದಿಯ ಕಲ್ಲಿದ್ದಲು ಇತ್ತು. ಕಲ್ಲಿದ್ದಲಿನಿಂದ ರೈಲು ಓಡಿಸಿ, ಅದೇ ಕಲ್ಲಿದ್ದಲಿನಿಂದ ಅದಿರು ಕರಗಿಸುವುದು ಯೋಜನೆ. 1906ರ ಕೊನೆಯಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅಲಾಸ್ಕದ ಕಲ್ಲಿದ್ದಲು ನೆಲವನ್ನು ಖಾಸಗಿಯವರಿಗೆ ಕೊಡುವುದನ್ನು ನಿಲ್ಲಿಸಿದ. ಇದೇ ಕಲ್ಲಿದ್ದಲಿನ ಹಕ್ಕುಗಳ ಮೇಲೆ ಎದ್ದ ಜಗಳ ವಾಷಿಂಗ್ಟನ್ ಮುಟ್ಟಿ, 1910ರಲ್ಲಿ ಅರಣ್ಯ ಇಲಾಖೆಯ ಮುಖ್ಯಸ್ಥ ಗಿಫರ್ಡ್ ಪಿಂಚೊಟ್ ಕೆಲಸ ಕಳೆದುಕೊಂಡ. ಅಮೆರಿಕದ ರಾಜಕೀಯದಲ್ಲಿ ಇವತ್ತಿಗೂ ನೆನೆಯುವ ಪ್ರಕರಣ ಅದು. ಗಣಿಯ ಮಟ್ಟಿಗೆ ಹೇಳುವುದಾದರೆ, ರೈಲಿನ ಇಡೀ ಖರ್ಚು ಒಂದು ಬೆಟ್ಟದ ತಾಮ್ರದ ತಲೆಯ ಮೇಲೆ ಬಿತ್ತು.

ಹಳಿ ಎಲ್ಲಿಂದ ಹೊರಡಬೇಕು ಅನ್ನುವುದರಲ್ಲೇ ಮೊದಲ ಪೆಟ್ಟು. ಕಟಾಲಾ ಎಂಬ ಊರಿನಲ್ಲಿ ಬಂದರು ಕಟ್ಟತೊಡಗಿದರು. 1907ರ ಬಿರುಗಾಳಿ ಅದನ್ನು ಒಡೆದು ಹಾಕಿತು. ಆಮೇಲೆ ಕಾರ್ಡೋವಾದಿಂದ ಹೊರಡುವ ದಾರಿಗೆ ಬಂದರು. ಆ ದಾರಿಯನ್ನು ಮೊದಲೇ ಗುರುತಿಸಿ ಇಟ್ಟುಕೊಂಡಿದ್ದವನು ಮೈಕೆಲ್ ಹೀನಿ ಎಂಬ ಗುತ್ತಿಗೆದಾರ. ಕೆಲಸವೂ ಅವನಿಗೇ ಹೋಯಿತು.

ಹಳಿ ಬರುವ ತನಕ ಬರ್ಚ್ ಕೈಕಟ್ಟಿ ಕೂರಲಿಲ್ಲ. ಒಂದು ಇಡೀ ಉಗಿದೋಣಿಯನ್ನು ಬಿಚ್ಚಿ, ತುಂಡು ತುಂಡಾಗಿ ಹಿಮದ ಮೇಲೆ ಜಾರುಬಂಡಿಗಳಲ್ಲಿ ಬೆಟ್ಟ ದಾಟಿಸಿ, ಆಚೆ ಕಡೆ ಕಾಪರ್ ನದಿಯ ದಂಡೆಯಲ್ಲಿ ಮತ್ತೆ ಜೋಡಿಸಿದರು. ಅದೇ ದೋಣಿ ಹಳಿ ಕೆಲಸಕ್ಕೂ ಗಣಿಗೂ ಸಾಮಾನು ಹೊತ್ತಿತು. ರೈಲು ಬರುವ ಮೊದಲೇ ಐದು ಗಣಿಗಳಲ್ಲಿ ಒಂದಾದ ಬೊನಾಂಜಾದಿಂದ ಕೆಳಗಿನ ಮಿಲ್ಲಿಗೆ ರೋಪ್‌ವೇ ಹಾಕಿ ಆಗಿತ್ತು. ರೈಲು ಬಂದ ದಿನ ಅದಿರು ಕಾದಿರಬೇಕು ಅನ್ನುವ ಲೆಕ್ಕ.

ಹಳಿಯ ದಾರಿಯಲ್ಲಿ ಅತಿ ಕಷ್ಟದ ಜಾಗ ಮೈಲ್ಸ್ ಮತ್ತು ಚೈಲ್ಡ್ಸ್ ಎಂಬ ಎರಡು ಹಿಮನದಿಗಳ ನಡುವೆ. ಎರಡರ ಬಾಯಿಯೂ ಕಾಪರ್ ನದಿಗೇ. ಮನೆಯಷ್ಟು ದೊಡ್ಡ ಮಂಜುಗಡ್ಡೆಗಳು ನದಿಗೆ ಬೀಳುತ್ತಿದ್ದವು. ಅಲ್ಲಿ ಉಕ್ಕಿನ ಸೇತುವೆ ಕಟ್ಟಬೇಕಿತ್ತು. ಬೇಸಿಗೆಯಲ್ಲಿ ತೇಲುವ ಗಡ್ಡೆಗಳು ಏನನ್ನೂ ನಿಲ್ಲಲು ಬಿಡುವುದಿಲ್ಲ. ಹಾಗಾಗಿ ಚಳಿಗಾಲದಲ್ಲಿ, ಹೆಪ್ಪುಗಟ್ಟಿದ ನದಿಯನ್ನೇ ನೆಲ ಮಾಡಿಕೊಂಡು, ಮರದ ಆಸರೆ ಕಂಬಗಳನ್ನು ನೆಟ್ಟು ಕೆಲಸ ನಡೆಸಿದರು. 1910ರ ವಸಂತದಲ್ಲಿ ಮೂರನೆಯ ಕಮಾನಿನ ಕೆಲಸ ಮುಗಿಯುವ ಮೊದಲೇ ನದಿಯ ನೀರು ಏರಿ ಮಂಜುಗಡ್ಡೆಯ ಹಾಸು ಅಲುಗತೊಡಗಿತು. ಕಂಬಗಳು ಅದರ ಜೊತೆ ಓರೆಯಾಗತೊಡಗಿದವು. ಕೆಲಸಗಾರರು ಉಗಿ ಕೊಳವೆ ಹಿಡಿದು, ಕೊಡಲಿ ಹಿಡಿದು, ಕಂಬದ ಸುತ್ತಲಿನ ಮಂಜುಗಡ್ಡೆಯನ್ನು ಹಗಲು ರಾತ್ರಿ ಬಿಡಿಸಿದರು. ಉಕ್ಕಿನ ಕಮಾನನ್ನು ಕಾಂಕ್ರೀಟ್ ಕಂಬಗಳ ಮೇಲೆ ಕೂರಿಸಿ ಆದ ಸ್ವಲ್ಪ ಹೊತ್ತಿಗೇ ಮಂಜುಗಡ್ಡೆ ಒಡೆದು ಆಸರೆಯನ್ನೆಲ್ಲ ಎಳೆದುಕೊಂಡು ಹೋಯಿತು. ಖರ್ಚಿನಿಂದಾಗಿ ಅದಕ್ಕೆ ಮಿಲಿಯನ್ ಡಾಲರ್ ಸೇತುವೆ ಅಂತಲೇ ಹೆಸರು ಬಂತು.

1911ರ ಮಾರ್ಚ್ 29ರಂದು ಕೆನೆಕಾಟ್‌ನಲ್ಲಿ ತಾಮ್ರದ ಮೊಳೆ ಹೊಡೆದು ಹಳಿ ಮುಗಿಸಿದರು. ಒಟ್ಟು ಖರ್ಚು ಸುಮಾರು 2.3 ಕೋಟಿ ಡಾಲರ್. ಹೀನಿ ಅದನ್ನು ನೋಡಲಿಲ್ಲ, ಹಿಂದಿನ ಅಕ್ಟೋಬರಿನಲ್ಲಿ ತೀರಿಕೊಂಡಿದ್ದ. ಏಪ್ರಿಲ್‌ನಲ್ಲಿ ಹೊರಟ ಮೊದಲ ರೈಲಿನಲ್ಲಿದ್ದ ಅದಿರಿನ ಬೆಲೆ ಎರಡೂವರೆ ಲಕ್ಷ ಡಾಲರ್.

ನೂರಕ್ಕೆ ಎಪ್ಪತ್ತರ ಅದಿರಿಲ್ಲದಿದ್ದರೆ ಈ ಹಳಿಗೆ ಅರ್ಥವೇ ಇರುತ್ತಿರಲಿಲ್ಲ. ಅದಿರು ಇಲ್ಲಿಂದ ಕಾರ್ಡೋವಾಕ್ಕೆ ರೈಲಿನಲ್ಲಿ, ಅಲ್ಲಿಂದ ವಾಷಿಂಗ್ಟನ್ ರಾಜ್ಯದ ಟಕೋಮಾಕ್ಕೆ ಹಡಗಿನಲ್ಲಿ ಹೋಗಿ ಅಲ್ಲಿ ಕರಗಬೇಕು. ಶೇಕಡಾ ಎರಡು ಮೂರರ ಅದಿರಾಗಿದ್ದರೆ ಸಾಗಣೆಯ ಖರ್ಚೇ ಅದನ್ನು ತಿಂದುಹಾಕುತ್ತಿತ್ತು.

ಮಿಲ್ಲಿನೊಳಗೆ

ಗಣಿಗಳು ಬೆಟ್ಟದ ನೆತ್ತಿಯ ಕಡೆ, ಮಿಲ್ಲಿಗಿಂತ ಸಾವಿರ ಮೀಟರಿಗೂ ಮೇಲೆ. ರೋಪ್‌ವೇ ಬುಟ್ಟಿಗಳು ಅದಿರು ತಂದು ಮಿಲ್ಲಿನ ತುದಿಯಲ್ಲಿ ಸುರಿಯುತ್ತಿದ್ದವು. ಮಿಲ್ಲು ಬೆಟ್ಟದ ಇಳಿಜಾರಿಗೆ ಒರಗಿಕೊಂಡು ಹದಿನಾಲ್ಕು ಅಂತಸ್ತು ಇಳಿಯುತ್ತದೆ. ಅದಿರನ್ನು ಮೇಲೆತ್ತುವ ಕೆಲಸ ಎಲ್ಲೂ ಇಲ್ಲ, ಅದು ಇಳಿಯುತ್ತಾ ಹೋದ ಹಾಗೆ ಒಂದೊಂದು ಅಂತಸ್ತಿನಲ್ಲಿ ಒಂದೊಂದು ಕೆಲಸ. ಮೊದಲು ಒಡೆಯುವುದು, ಜರಡಿ ಹಿಡಿಯುವುದು. ಆಮೇಲೆ ನೀರಿನಲ್ಲಿ ಕುಲುಕಿ ಭಾರದ್ದನ್ನು ಹಗುರದ್ದನ್ನು ಬೇರೆ ಮಾಡುವುದು. ಚಾಲ್ಕೊಸೈಟ್ ಸುಣ್ಣಕಲ್ಲಿನ ಎರಡರಷ್ಟು ಭಾರ ಅಂದೆನಲ್ಲ, ಇಡೀ ಮಿಲ್ಲು ನಡೆದದ್ದು ಆ ಒಂದು ವ್ಯತ್ಯಾಸದ ಮೇಲೆ.

ಸಾಲುಸಾಲಾಗಿ ಓರೆಯಾದ ಅಲುಗಾಡುವ ಮೇಜುಗಳು. ಮೇಜಿನ ಮೇಲೆ ಉದ್ದಕ್ಕೂ ತೆಳುವಾದ ಪಟ್ಟಿಗಳು. ನೀರಿನ ಜೊತೆ ಪುಡಿ ಬಂದು ಬೀಳುತ್ತದೆ, ಮೇಜು ಜಗ್ಗಿ ಜಗ್ಗಿ ಅಲುಗುತ್ತದೆ. ಭಾರದ ಕಪ್ಪು ಪುಡಿ ಪಟ್ಟಿಗಳ ಸಂದಿನಲ್ಲಿ ಸಿಕ್ಕಿಕೊಂಡು ಪಕ್ಕಕ್ಕೆ ಸರಿದು ಹೋಗುತ್ತದೆ, ಹಗುರದ ಬಿಳಿ ಪುಡಿಯನ್ನು ನೀರು ಕೆಳಕ್ಕೆ ತೊಳೆಯುತ್ತದೆ. ಒಂದೇ ಮೇಜಿನ ಮೇಲೆ ಕಪ್ಪು ಗೆರೆ ಒಂದು ಕಡೆ, ಬಿಳಿ ಗೆರೆ ಇನ್ನೊಂದು ಕಡೆ. ಕಪ್ಪನ್ನು ಗೋಣಿಚೀಲಕ್ಕೆ ತುಂಬಿ ರೈಲಿಗೆ ಹಾಕಿದರು. ಬಿಳಿಯನ್ನು ಎಸೆದರು.

ಸಮಸ್ಯೆ ಇದ್ದದ್ದು ಆ ಎಸೆದ ಪುಡಿಯಲ್ಲಿ. ಹಸಿರು ಮ್ಯಾಲಕೈಟ್, ನೀಲಿ ಅಝುರೈಟ್ ಚಾಲ್ಕೊಸೈಟ್‌ನಷ್ಟು ಭಾರವಿಲ್ಲ. ಹಾಗಾಗಿ ಸುಣ್ಣಕಲ್ಲಿನ ಜೊತೆ ಸುಮಾರು ತಾಮ್ರ ಹೊರಗೆ ಹೋಗುತ್ತಿತ್ತು. ಬೇರೆ ಗಣಿಗಳಲ್ಲಾದರೆ ಇಂಥ ತಾಮ್ರವನ್ನು ಗಂಧಕಾಮ್ಲದಲ್ಲಿ ಕರಗಿಸಿ ತೆಗೆಯುತ್ತಾರೆ. ಇಲ್ಲಿ ಆಮ್ಲ ಹಾಕಿದರೆ ತಾಮ್ರಕ್ಕಿಂತ ಮೊದಲು ಸುಣ್ಣಕಲ್ಲೇ ಆಮ್ಲವನ್ನು ಕುಡಿದು ಮುಗಿಸುತ್ತಿತ್ತು. ಅದಿರನ್ನು ಕೊಟ್ಟ ಸುಣ್ಣಕಲ್ಲೇ ಈಗ ಅಡ್ಡ ಬಂತು.

1916ರಲ್ಲಿ ಇದಕ್ಕೆ ಪರಿಹಾರ ಸಿಕ್ಕಿತು: ಅಮೋನಿಯ. ಅಮೋನಿಯ ದ್ರಾವಣ ತಾಮ್ರದ ಕಾರ್ಬೊನೇಟನ್ನು ಕರಗಿಸುತ್ತದೆ, ಸುಣ್ಣಕಲ್ಲನ್ನು ಮುಟ್ಟುವುದಿಲ್ಲ. ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ಪುಡಿ ತುಂಬಿ ದ್ರಾವಣ ಹಾಯಿಸಿದರು. ತಾಮ್ರ ಇಳಿದು ಬಂದ ದ್ರಾವಣಕ್ಕೆ ಉಗಿ ಕೊಟ್ಟರೆ ಅಮೋನಿಯ ಆವಿಯಾಗಿ ಹೊರಡುತ್ತದೆ, ಅದನ್ನು ಹಿಡಿದು ಮತ್ತೆ ಬಳಸಬಹುದು. ಕೆಳಗೆ ಉಳಿಯುವುದು ತಾಮ್ರದ ಆಕ್ಸೈಡ್. ಇಷ್ಟು ದೊಡ್ಡ ಪ್ರಮಾಣದಲ್ಲಿ ಅಮೋನಿಯದಿಂದ ತಾಮ್ರ ತೆಗೆದದ್ದರಲ್ಲಿ ಕೆನೆಕಾಟ್ ಮೊದಲಿನ ಸಾಲಿನದು. ಈ ಗಣಿಯ ಬಗ್ಗೆ ಮಾತಾಡುವವರು ಸೇತುವೆಯನ್ನು ಹೊಗಳುತ್ತಾರೆ. ನನ್ನ ಮಟ್ಟಿಗೆ ಇದು ಅದಕ್ಕಿಂತ ದೊಡ್ಡ ಇಂಜಿನಿಯರಿಂಗ್. ಕಲ್ಲಿನ ಸ್ವಭಾವ ತಿಳಿದು ಅದಕ್ಕೆ ತಕ್ಕ ರಸಾಯನ ಹುಡುಕಿದ ಕೆಲಸ ಅದು.

ಅದೇ 1916 ಗಣಿಗೆ ಅತಿ ಒಳ್ಳೆಯ ವರ್ಷ. ಯುರೋಪಿನ ಯುದ್ಧದಿಂದ ತಾಮ್ರದ ಬೆಲೆ ಪೌಂಡಿಗೆ 25 ಸೆಂಟ್ ದಾಟಿತ್ತು. ಆ ಒಂದೇ ವರ್ಷ 3.24 ಕೋಟಿ ಡಾಲರ್ ಬೆಲೆಯ ತಾಮ್ರ ಹೊರಟಿತು. ರೈಲು ಹಳಿ ಕಟ್ಟಲು ಸುರಿದ ದುಡ್ಡಿಗಿಂತ ಜಾಸ್ತಿ, ಒಂದೇ ವರ್ಷದಲ್ಲಿ.

ಊರು

ಮಿಲ್ಲಿನ ಸುತ್ತ ಮುನ್ನೂರು ಜನ, ಮೇಲಿನ ಗಣಿಗಳಲ್ಲಿ ಇನ್ನೂ ಇನ್ನೂರು ಮುನ್ನೂರು. ಮೇಲಿನವರು ಗಣಿಯ ಬಾಯಲ್ಲೇ ಇದ್ದ ಕಂಪನಿ ವಸತಿಗಳಲ್ಲಿ ಮಲಗುತ್ತಿದ್ದರು, ಕೆಳಗಿಳಿಯುವುದು ಅಪರೂಪ. ವಾರಕ್ಕೆ ಏಳು ದಿನ ಕೆಲಸ. ಹೆಚ್ಚಿನವರು ಒಂಟಿ ಗಂಡಸರು. ಸಂಸಾರ ಇಟ್ಟುಕೊಳ್ಳುವ ಅವಕಾಶ ಮೇಲಧಿಕಾರಿಗಳಿಗೆ ಮಾತ್ರ ಅನ್ನುವಂತಿತ್ತು. ಕೆಂಪು ಬಣ್ಣ ಬಳಿದು ಬಿಳಿ ಅಂಚು ಕೊಟ್ಟ ಕಟ್ಟಡಗಳು, ಆಸ್ಪತ್ರೆ, ಶಾಲೆ, ಹಾಲಿಗೆ ಹಸುಗಳು, ಟೆನಿಸ್ ಅಂಗಳ. ಕುಡಿತ, ಜೂಜು ಊರೊಳಗೆ ಇಲ್ಲ. ಅವು ಬೇಕಾದವರಿಗೆ ಎಂಟು ಕಿ.ಮೀ. ಕೆಳಗೆ ಮೆಕಾರ್ಥಿ ಎಂಬ ಇನ್ನೊಂದು ಊರು ಬೆಳೆಯಿತು. ಕೆ.ಜಿ.ಎಫ್. ನೋಡಿದವರಿಗೆ ಈ ಚಿತ್ರ ಹೊಸದಲ್ಲ, ಅಲ್ವಾ? ಸಾಹೇಬರ ಬಂಗಲೆ ಒಂದು ಕಡೆ, ಕಾರ್ಮಿಕರ ಸಾಲುಮನೆ ಒಂದು ಕಡೆ, ನೀರು, ದೀಪ, ಆಸ್ಪತ್ರೆ ಎಲ್ಲ ಕಂಪನಿಯದೇ. ಒಂದು ದೊಡ್ಡ ವ್ಯತ್ಯಾಸ ಇದೆ. ಕೆ.ಜಿ.ಎಫ್.ನಲ್ಲಿ ತಲೆಮಾರುಗಳು ಹುಟ್ಟಿ ಬೆಳೆದವು, ಗಣಿ 2001ರಲ್ಲಿ ಮುಚ್ಚಿದ ಮೇಲೂ ಜನ ಅಲ್ಲೇ ಉಳಿದರು. ಕೆನೆಕಾಟ್‌ನಲ್ಲಿ ಬೇರು ಬಿಡುವಷ್ಟು ಸಮಯವನ್ನೇ ಯಾರಿಗೂ ಕೊಡಲಿಲ್ಲ.

ಮುಚ್ಚುವ ಲೆಕ್ಕ

1925ರಲ್ಲೇ ಕಂಪನಿಯ ಭೂವಿಜ್ಞಾನಿಯೊಬ್ಬ ಒಳ್ಳೆಯ ಅದಿರಿನ ಕೊನೆ ಕಾಣುತ್ತಿದೆ ಅಂತ ಹೇಳಿದ್ದ. ಬೆಣೆಗಳ ಆಕಾರ ಗೊತ್ತಿದ್ದವರಿಗೆ ಇದು ಕಷ್ಟದ ಲೆಕ್ಕ ಅಲ್ಲ. ಎಳೆ ಎಷ್ಟು ಉದ್ದ, ತಳ ಎಷ್ಟು ಅಗಲ, ಎಷ್ಟು ತೆಗೆದಾಗಿದೆ, ಅಷ್ಟೇ. 1929ರಲ್ಲಿ ಗ್ಲೇಸಿಯರ್ ಗಣಿ ಮುಚ್ಚಿತು. ಅದೊಂದು ವಿಚಿತ್ರ ಗಣಿ. ಮೇಲಿನ ಬೊನಾಂಜಾ ಅದಿರಿನಿಂದ ಸಾವಿರಾರು ವರ್ಷ ಉದುರಿದ ತುಂಡುಗಳು ಮಂಜುಗಡ್ಡೆಯಲ್ಲಿ ಹೂತು ಕೂತಿದ್ದವು, ಬೇಸಿಗೆಯಲ್ಲಿ ಅದನ್ನು ಬಗೆದು ತೆಗೆಯುತ್ತಿದ್ದರು.

ಆಮೇಲೆ ಆರ್ಥಿಕ ಕುಸಿತ ಬಂತು. 1932ರಲ್ಲಿ ತಾಮ್ರ ಪೌಂಡಿಗೆ 6 ಸೆಂಟಿಗಿಂತ ಕೆಳಗಿಳಿಯಿತು. ಕೆಲಸ ನಿಲ್ಲಿಸಿದರು. 1935ರಲ್ಲಿ ಮತ್ತೆ ಶುರು ಮಾಡಿ ಉಳಿದಿದ್ದನ್ನು ತೆಗೆದರು. 1938ರ ಜುಲೈ ಕೊನೆಗೆ ಮದರ್ ಲೋಡ್ ಗಣಿ, ಸೆಪ್ಟೆಂಬರ್‌ನಲ್ಲಿ ಈರಿ, ಜಂಬೋ, ಬೊನಾಂಜಾ ಮುಚ್ಚಿದವು. ನವೆಂಬರ್‌ನಲ್ಲಿ ಕೊನೆಯ ರೈಲು ಹೊರಟಿತು. ಒಟ್ಟು ಸುಮಾರು 42 ಲಕ್ಷ ಟನ್ ಅದಿರು, ಅದರಿಂದ ಸುಮಾರು 5.4 ಲಕ್ಷ ಟನ್ ತಾಮ್ರ, 90 ಲಕ್ಷ ಔನ್ಸ್ ಬೆಳ್ಳಿ. ಬಂದ ದುಡ್ಡು 20 ಕೋಟಿ ಡಾಲರ್‌ಗೂ ಜಾಸ್ತಿ, ಲಾಭ ಸುಮಾರು 10 ಕೋಟಿ.

ಆ ಲಾಭ ಎಲ್ಲಿ ಹೋಯಿತು ಅನ್ನುವುದು ಈ ಪ್ರಕರಣದ ಮುಖ್ಯ ಭಾಗ. 1915ರಲ್ಲೇ ಕೆನೆಕಾಟ್ ಕಾಪರ್ ಕಾರ್ಪೊರೇಷನ್ ಹುಟ್ಟಿತ್ತು, ಬರ್ಚ್ ಅದರ ಅಧ್ಯಕ್ಷ. ಈ ಬೆಟ್ಟದ ದುಡ್ಡಿನ ಬಲದಲ್ಲಿ ಆ ಕಂಪನಿ ಚಿಲಿಯ ಎಲ್ ತೆನಿಯೆಂತೆ ಗಣಿಯನ್ನೂ, ಯೂಟಾದ ಬಿಂಗಮ್ ಕ್ಯಾನಿಯನ್ ಗಣಿಯನ್ನೂ ತನ್ನದು ಮಾಡಿಕೊಂಡಿತು. ಎರಡರಲ್ಲೂ ಅದಿರು ಬಡವಾಗಿದ್ದರೂ ಪ್ರಮಾಣ ಅಗಾಧ. ಎರಡೂ ಇವತ್ತಿಗೂ ನಡೆಯುತ್ತಿವೆ. ಮುಗಿಯುವ ಗಣಿಯಿಂದ ಸಿಕ್ಕಿದ್ದನ್ನು ಬೇಗ ಮುಗಿಯದ ಗಣಿಗಳಿಗೆ ಹಾಕಿದರು. ವ್ಯವಹಾರವಾಗಿ ನೋಡಿದರೆ ಇದು ಜಾಣ ಕೆಲಸ, ಒಪ್ಪಬೇಕು. ಕಾಪರ್ ನದಿಯ ಕಣಿವೆಗೆ ಮಾತ್ರ ಅದರಲ್ಲಿ ಏನೂ ತಿರುಗಿ ಬರಲಿಲ್ಲ. ಗಣಿಯ ಜೊತೆ ರೈಲೂ ನಿಂತಿತು. ಹಳಿಯ ಜಾಗವನ್ನು ಕಂಪನಿ 1941ರಲ್ಲಿ ಸರ್ಕಾರಕ್ಕೆ ಬಿಟ್ಟುಕೊಟ್ಟಿತು. 1964ರ ಭೂಕಂಪದಲ್ಲಿ ಆ ದೊಡ್ಡ ಸೇತುವೆಯ ಒಂದು ಕಮಾನು ಕುಸಿದು, ಎಷ್ಟೋ ದಶಕ ಹಾಗೇ ಬಿದ್ದಿತ್ತು.

ಈಗ

1980ರಲ್ಲಿ ಈ ಇಡೀ ಸೀಮೆ ರ್ಯಾಂಗಲ್–ಸೇಂಟ್ ಎಲಿಯಾಸ್ ರಾಷ್ಟ್ರೀಯ ಉದ್ಯಾನವಾಯಿತು. 1998ರಲ್ಲಿ ಉದ್ಯಾನ ಇಲಾಖೆ ಮಿಲ್ಲನ್ನೂ ಊರಿನ ಹಲವು ಕಟ್ಟಡಗಳನ್ನೂ ಕೊಂಡಿತು. ಮುಖ್ಯವಾದವನ್ನು ಬೀಳದಂತೆ ಗಟ್ಟಿ ಮಾಡಿ ನಿಲ್ಲಿಸಿದ್ದಾರೆ.

ಅಮೆರಿಕದಲ್ಲಿರುವ ಕನ್ನಡಿಗರು ಅಲಾಸ್ಕಕ್ಕೆ ಹೋಗುವುದಾದರೆ, ಹಡಗಿನ ಪ್ರವಾಸದ ಜೊತೆ ಇದಕ್ಕೂ ಎರಡು ದಿನ ಇಟ್ಟುಕೊಳ್ಳಿ ಅಂತ ನನ್ನ ಸಲಹೆ. ಚಿಟ್ನಾ ಎಂಬ ಊರಿನಿಂದ ಮುಂದಿನ ಸುಮಾರು ನೂರು ಕಿ.ಮೀ. ಹಳೆಯ ಹಳಿಯ ಜಾಗದ ಮೇಲೇ ಮಾಡಿದ ಜಲ್ಲಿ ರಸ್ತೆ. ಹಳಿಯ ಮೊಳೆಗಳು ಇನ್ನೂ ಮೇಲೆದ್ದು ಟೈರಿಗೆ ಚುಚ್ಚುತ್ತವೆ, ಒಳ್ಳೆಯ ಸ್ಟೆಪ್ನಿ ಬೇಕೇ ಬೇಕು. ರಸ್ತೆ ಕೆನೆಕಾಟ್ ನದಿಯ ಹತ್ತಿರ ಮುಗಿಯುತ್ತದೆ, ಅಲ್ಲಿಂದ ಕಾಲುಸೇತುವೆ ದಾಟಿ ಶಟಲ್ ವ್ಯಾನಿನಲ್ಲಿ ಹೋಗಬೇಕು. ಊರಿನ ಮುಂದೆ ಕಣಿವೆಯಲ್ಲಿ ಮಣ್ಣು ಕಲ್ಲಿನ ದೊಡ್ಡ ದೊಡ್ಡ ಗುಡ್ಡೆ ಕಾಣುತ್ತದೆ. ಗಣಿಯವರು ಎಸೆದ ಕಸ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಅದು ಗಣಿಯದಲ್ಲ, ಕಲ್ಲುಪುಡಿ ಹೊದ್ದ ಹಿಮನದಿಯೇ. ನೂರು ವರ್ಷದ ಹಿಂದಿನ ಫೋಟೊಗಳಲ್ಲಿ ಅದು ಇದಕ್ಕಿಂತ ಎಷ್ಟೋ ಎತ್ತರಕ್ಕೆ ನಿಂತಿದೆ.

ಮಿಲ್ಲನ್ನು ಮಾರ್ಗದರ್ಶಿಯ ಜೊತೆ ಮಾತ್ರ ನೋಡಬಹುದು. ಮೇಲಿಂದ ಶುರು ಮಾಡಿ, ಅದಿರು ಇಳಿದ ದಾರಿಯಲ್ಲೇ ಕೆಳಗೆ ಕರೆದುಕೊಂಡು ಬರುತ್ತಾರೆ. ಮೇಲೆ ನಿಂತಾಗ ಬೊನಾಂಜಾ ಏಣಿನ ಕಡೆ ನೋಡಿ, ಹಸಿರುಕಲ್ಲು ಮುಗಿದು ಸುಣ್ಣಕಲ್ಲು ಶುರುವಾಗುವ ಗೆರೆಯನ್ನು ತೋರಿಸಿ ಅಂತ ಕೇಳಿ. ಅಮೋನಿಯದ ತೊಟ್ಟಿಗಳಿರುವ ಕಟ್ಟಡದ ಬಗ್ಗೆಯೂ ಕೇಳಿ. ಹೆಚ್ಚಿನವರು ಅದನ್ನು ಬರೀ ತುಕ್ಕು ಹಿಡಿದ ತೊಟ್ಟಿ ಅಂತ ದಾಟಿ ಹೋಗುತ್ತಾರೆ.